ಹಗ್ಗದ ಬಸ್ಸು

೬ ಜನವರಿ ೨೦೨೫, ಸೋಮವಾರ. ಚಿತ್ತವಾಡ್ಗಿ

ಪಂಚಾಯಿತಿಯವರು ಕೊಡುತ್ತೇವೆ ಅಂದದ್ದು: ಜಾಥಾ ಹೋದ ಪ್ರತಿ ಊರಲ್ಲಿ ಹೆಂಗಸರಿಗೆ ತಂಗಲು ಸಮುದಾಯ ಭವನ. ಭವನ ಇಲ್ಲದ ಊರಲ್ಲಿ ಶಾಲೆಯ ಒಂದು ಕೋಣೆ. ಮೀಯಲು ನೀರು. ಒಂದು ಪಾಯಿಖಾನೆ, ಒಳಗಿನಿಂದ ಹಾಕಿಕೊಳ್ಳಲು ಚಿಲಕ.

ಸಿಕ್ಕದ್ದು: ಭವನಕ್ಕೆ ಬೀಗ, ಬೀಗದ ಕೈ ಇಟ್ಟುಕೊಂಡವನು ಊರಲ್ಲಿಲ್ಲ. ಶಾಲೆಯ ಕೋಣೆಯ ತುಂಬ ಅಕ್ಕಿ ಮೂಟೆ. ನೀರು ನಾಳೆ ಬರುತ್ತದೆ. ಪಾಯಿಖಾನೆಗೆ ಬಾಗಿಲೇ ಇಲ್ಲ, ಚಿಲಕದ ಮಾತೆಲ್ಲಿ.

ಇದು ಹೋದ ವರ್ಷದ ಮಾತು. ಮನೆ ಕಟ್ಟಿಕೊಂಡು ಮೂರು ತಲೆಮಾರು ಕಳೆದರೂ ಕಾಲ ಕೆಳಗಿನ ನೆಲಕ್ಕೆ ಹಕ್ಕುಪತ್ರ ಇಲ್ಲದವರ ಪರವಾಗಿ ನಮ್ಮ ನಿವೇಶನ ಹಕ್ಕು ಸಂಘ ಕಂಪ್ಲಿಯಿಂದ ಸಂಡೂರಿನವರೆಗೆ ಇಪ್ಪತ್ತೆರಡು ಊರು ತಿರುಗಿತು. ಹದಿನೆಂಟು ದಿನ ನಾವು ಐದು ಜನ ಹೆಂಗಸರು ಬಸ್ ನಿಲ್ದಾಣದ ಕಟ್ಟೆಗಳ ಮೇಲೆ ಮಲಗಿದೆವು. ಈ ವರ್ಷ ಫೆಬ್ರವರಿ ಹದಿನಾಲ್ಕಕ್ಕೆ ಮತ್ತೆ ಹೊರಡಬೇಕು.

ಇವತ್ತು ಡಾಕ್ಟರಮ್ಮ ಸ್ಕ್ಯಾನಿನ ಹಾಳೆ ಮುಂದಿಟ್ಟಳು. ಬಲಗಡೆಯ ಕಿಡ್ನಿಯಲ್ಲಿ ಕಲ್ಲು, ಅದರ ಸುತ್ತ ಸೋಂಕು.

"ದಿನಕ್ಕೆ ಎಷ್ಟು ನೀರು ಕುಡೀತೀರಿ?"

"ಮನೆಯಾಗಿದ್ರ ಕುಡೀತೀನ್ರಿ. ಊರೂರು ತಿರುಗುವಾಗ ಕುಡಿಯಂಗಿಲ್ಲ."

"ಯಾಕ?"

"ಕುಡಿದ್ರ ಹೋಗಬೇಕಾಗ್ತೈತಿ. ಹೋಗಾಕ ಎಲ್ಲೈತಿ?"

ಮೂವತ್ತು ವರ್ಷದಿಂದ ಹೀಗೇ ನಡೆದಿದೆ. ಬೆಳಿಗ್ಗೆ ಆರಕ್ಕೆ ಅರ್ಧ ಲೋಟ ಚಹಾ, ಆಮೇಲೆ ಹೊತ್ತು ಮುಳುಗುವವರೆಗೆ ಗಂಟಲಿಗೆ ಹನಿ ಇಲ್ಲ. ಮೂರು ಸಾವಿರ ಜನರ ಮುಂದೆ ಒಣಗಂಟಲಲ್ಲೇ ಮಾತಾಡಿದ್ದೇನೆ. ನಾನು ಇದನ್ನು ಶಿಸ್ತು ಅಂದುಕೊಂಡಿದ್ದೆ. ಡಾಕ್ಟರಮ್ಮ ಕಾಯಿಲೆ ಅನ್ನುತ್ತಾಳೆ. ಇದೇ ರೀತಿ ಇನ್ನೊಂದು ಜಾಥಾ ಮಾಡಿದರೆ ಕಿಡ್ನಿ ಉಳಿಯುವುದಿಲ್ಲವಂತೆ. ದಿನಕ್ಕೆ ಹನ್ನೆರಡು ಲೋಟ ಕುಡಿದು, ಕುಡಿದದ್ದನ್ನು ಬರೆದಿಡಬೇಕು ಅಂತ ಈ ನೋಟುಬುಕ್ಕು ಕೊಳ್ಳುವಂತೆ ಮಾಡಿದಳು. ನೋಟುಬುಕ್ಕು ಕೈಗೆ ಸಿಕ್ಕರೆ ನಾನು ಬರೀ ನೀರು ಬರೆಯುವವಳಲ್ಲ.

ಸಂಘದಲ್ಲಿ ಯಾರಿಗೂ ಹೇಳುವುದಿಲ್ಲ. ಐವತ್ತನಾಲ್ಕಕ್ಕೇ ಮೂಲೆ ಸೇರಿದಳು ಅನ್ನಿಸಿಕೊಳ್ಳಲು ನಾನು ಬೀದಿಗಿಳಿದದ್ದಲ್ಲ.

ನೀರು: ನಾಲ್ಕು ಲೋಟ.

೯ ಜನವರಿ, ಗುರುವಾರ

ಸಂಘದ ಸಭೆ. ಊರೂರಿನವರು ಕೂಡಿಸಿ ಕೊಟ್ಟದ್ದರಲ್ಲಿ ಒಂದು ಮನೆಗಾಡಿ ಮಾಡಿಸುವುದೆಂದು ತೀರ್ಮಾನ. ಮಲಗಲು ಹಾಸಿಗೆ, ಅನ್ನಕ್ಕೆ ಒಲೆ, ಹಿಂಭಾಗದಲ್ಲಿ ಪಾಯಿಖಾನೆ, ಎಲ್ಲಾ ಚಕ್ರದ ಮೇಲೆ. ಇನ್ನು ಮುಂದೆ ಯಾರ ಬೀಗದ ಕೈಗೂ ನಾವು ಕಾಯುವುದಿಲ್ಲ.

ಎಷ್ಟು ದೊಡ್ಡದು ಅನ್ನುವುದೊಂದೇ ಪ್ರಶ್ನೆ. ನಮ್ಮ ಅಧ್ಯಕ್ಷ ದುರುಗಣ್ಣ ಗಾಡಿ ಅಂದ ಕೂಡಲೇ ರ‍್ಯಾಲಿಗೆ ಲಾರಿ ಹೇಳುವವನ ಹಾಗೆ ಕೇಳಿದ: "ಎಷ್ಟು ತಲಿ ಬರ್ತಾವ, ಅದನ್ನ ಹೇಳ್ರಿ."

ಎಣಿಸಿದೆವು. ಹಾಡುವವರು, ಹಲಗೆ ಬಾರಿಸುವವರು, ಭಾಷಣದವರು, ಸಂಡೂರಿನವರು, ಕಂಪ್ಲಿಯವರು. ಇಪ್ಪತ್ತೊಂಬತ್ತು ಆಯಿತು. ನಾನೇ ಎದ್ದು ಬಸ್ಸು ಅಂದೆ. ಮೂವತ್ತೆರಡು ಅಡಿಯದು. ಹತ್ತು ಅಡಿಯ ಗುಡಿಸಲಲ್ಲಿ ಏಳು ಜನ ಹುಟ್ಟಿ ಬೆಳೆದವರು ನಾವು, ಗಾಡಿಯಾದರೂ ದೊಡ್ಡದಿರಲಿ, ಊರೊಳಗೆ ಬಂದರೆ ಊರು ತಿರುಗಿ ನೋಡಬೇಕು ಅಂದೆ. ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಿಂದ ಪಂಪೇಶ್ ಬಾಯಿ ಹಾಕಿದ. ಅದಿರಿನ ಲಾರಿ ಹತ್ತು ವರ್ಷ ಓಡಿಸಿದವನು, ಈಗ ನಮ್ಮ ಡ್ರೈವರು. "ಅಕ್ಕಾ, ಓಡ್ಸೋದು ಬಿಡ್ರಿ. ನಿಲ್ಸೋದೆಲ್ಲಿ?"

"ರಸ್ತಾ ಯಾರಪ್ಪಂದೂ ಅಲ್ಲ, ನಿಲ್ಲಸೋದು ನಮ್ಮ ಹಕ್ಕು" ಅಂದೆ. ಮತ್ತೆ ಚಪ್ಪಾಳೆ. ಅವನು ಕೂತ.

ನೀರು: ಮೂರು. ಸಭೆ ಇತ್ತಲ್ಲ.

೧೨ ಜನವರಿ, ಭಾನುವಾರ

ಸಂಡೂರು ರಸ್ತೆಯಲ್ಲಿ ಗಾಡಿಗಳಿಗೆ ಬಾಡಿ ಕಟ್ಟುವ ಶೆಡ್ಡಿಗೆ ಹೋದೆವು. ಯಜಮಾನ ಇರುತ್ತಾನೆ ಅಂದುಕೊಂಡಿದ್ದೆ, ಬಂದವಳು ಯಜಮಾನಿ. ಶೈಲಶ್ರೀ. ಮೂವತ್ತೆಂಟು ಮೂವತ್ತೊಂಬತ್ತು ಇರಬಹುದು. ಹಣೆಯಲ್ಲಿ ವಿಭೂತಿ, ಕಿವಿಯ ಹಿಂದೆ ಸೀಮೆಸುಣ್ಣದ ತುಂಡು.

ಎರಡು ಗಾಡಿ ತೋರಿಸಿದಳು. ಒಂದು ಯಾವುದೋ ಕಾಲೇಜಿನ ಹಳೆಯ ಬಸ್ಸು. ಇನ್ನೊಂದು ಹಾಲು ಸಾಗಿಸುತ್ತಿದ್ದ ವ್ಯಾನು, ಹದಿನೆಂಟು ಅಡಿ. ಬಸ್ಸಿನಲ್ಲಿ ಎಂಟು ಹಾಸಿಗೆ, ಉಳಿದವರಿಗೆ ಸೀಟು, ಹಿಂದೆ ಪಾಯಿಖಾನೆ ಬರುತ್ತದೆ. ವ್ಯಾನಿನಲ್ಲಿ ನಾಲ್ಕು ಹಾಸಿಗೆ, ಒತ್ತಿದರೆ ಐದು. ಪಾಯಿಖಾನೆ ಮಾತ್ರ ಎರಡರಲ್ಲೂ ಅಷ್ಟೇ ದೊಡ್ಡದು. ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು: ಮೂರು ಅಡಿ, ಎರಡೂವರೆ ಅಡಿ.

"ನಿಮ್ಮ ಮಾತು ಕೇಳಿದ್ರ ವ್ಯಾನ್ ಸಾಕು ಅನ್ನಿಸ್ತೈತಿ" ಅಂದಳು.

"ನಮಗೆಷ್ಟು ಸಾಕು ಅಂತ ಬ್ಯಾರೆಯವ್ರು ಹೇಳಿದ್ದು ಮುಗೀತು" ಅಂದೆ.

ಅವಳಿಗೆ ಸಿಟ್ಟು ಬರಲಿಲ್ಲ. "ನೀವು ನನ್ನ ನೋಡಿಲ್ರಿ. ನಾ ನಿಮ್ಮನ್ನ ನೋಡೀನಿ. ಕಂಪ್ಲಿಯಾಗ ನಮ್ಮಪ್ಪನ ರೈಸ್ ಮಿಲ್ಲು. ನೀವು ಗೇಟಿಗೆ ಅಡ್ಡ ಕುಂತಿದ್ರಿ, ಒಂಬತ್ತು ದಿನ. ನಾನು ಏಳನೇ ಕ್ಲಾಸು, ಕಚೇರಿ ಮಹಡಿ ಮ್ಯಾಲೆ ನಿಂತು ಎಣಿಸ್ತಿದ್ದೆ."

ಆ ಗೇಟು ನನಗೆ ಚೆನ್ನಾಗಿ ನೆನಪಿದೆ. ಆ ಧಣಿಯೂ.

"ಹೆಂಗದಾರ ನಿಮ್ಮಪ್ಪ?"

"ತೀರ್ಕೊಂಡ್ರು. ಮಿಲ್ಲೂ ಕೈಬಿಡ್ತು."

ಹೊರಗೆ ಬಂದು ಪಂಪೇಶನಿಗೆ ಬೇರೆ ಶೆಡ್ಡು ನೋಡು ಅಂದೆ. ಗಾಡಿಯೊಳಗೆ ಪಾಯಿಖಾನೆ ಕೂಡಿಸಲು ಬರುವವರು ಈ ಊರಲ್ಲಿ ಇವಳೊಬ್ಬಳೇ ಅಂದ. ಹಾಗಾದರೆ ಬಸ್ಸನ್ನೇ ಮಾಡಲಿ. ಕೊಳ್ಳುವ ಮೊದಲು ಓಡಿಸಿ ನೋಡಿ ಅಂತ ಬಸ್ಸಿನ ಕೀಲಿಯನ್ನು ಅವಳೇ ಕೊಟ್ಟಳು.

೧೩ ಜನವರಿ

ಬಲಪಕ್ಕೆ ಹಿಡಿದುಕೊಂಡಿದೆ. ನೀರು: ಎರಡು. ಬರೆಯುವುದಿಲ್ಲ.

೧೫ ಜನವರಿ, ಬುಧವಾರ

ಬಸ್ಸು ತೆಗೆದುಕೊಂಡು ಹಂಪಿ ಕಡೆ ಹೋದೆವು, ಪಂಪೇಶ್ ಮತ್ತು ನಾನು ಇಬ್ಬರೇ. ಸಂಕ್ರಾಂತಿಯ ಮಾರನೇ ದಿನ ಅನ್ನುವುದು ಇಬ್ಬರಿಗೂ ನೆನಪಿಲ್ಲ. ದಾರಿಯುದ್ದಕ್ಕೂ ಕಾರು, ಟ್ರ್ಯಾಕ್ಟರು, ಜನ. ಹಳೆಯ ಕಲ್ಲುಬಾಗಿಲಿನ ಹತ್ತಿರ ಬರುವಷ್ಟರಲ್ಲಿ ಮುಂದೆ ಹೋಗುವಂತಿಲ್ಲ, ಹಿಂದೆ ತಿರುಗುವಂತಿಲ್ಲ. ಗಾಡಿಗಳಿಗೆ ದಾರಿ ತೋರಿಸಲು ಕೋಲು ಹಿಡಿದು ನಿಂತಿದ್ದವನು ಕಿಟಕಿಗೆ ಬಂದ.

"ಎಷ್ಟು ಮಂದಿ ಅದೀರಿ ಒಳಗ?"

"ಇಬ್ಬರು" ಅಂದ ಪಂಪೇಶ್.

ಅವನು ಬಗ್ಗಿ ಖಾಲಿ ಸೀಟುಗಳನ್ನೆಲ್ಲ ನೋಡಿದ. "ಇಬ್ಬರಿಗೆ ಇಷ್ಟು ದೊಡ್ಡ ಮದುವಿ ಬಸ್ಸು ಏನಲೇ?"

ಅರ್ಧ ಮೈಲಿ ಹಿಂದಕ್ಕೇ ಓಡಿಸಿದ ಪಂಪೇಶ್. ಕತ್ತು ಹೊರಗೆ ಹಾಕಿ, ಬೆವರು ಸುರಿಸುತ್ತ. ನಿಲ್ಸೋದೆಲ್ಲಿ ಅಂತ ಮತ್ತೆ ಕೇಳಬಹುದಿತ್ತು.

ನನಗೆ ಬೇರೆಯೇ ಸಂಕಟ. ಬೆಳಿಗ್ಗೆ ಡಾಕ್ಟರಮ್ಮನ ಹೆದರಿಕೆಗೆ ಮೂರು ಲೋಟ ಕುಡಿದಿದ್ದೆ. ದೂರದ ಬಯಲಿನಲ್ಲಿ ಬಸ್ಸು ನಿಲ್ಲಿಸಿ ಇಳಿದಾಗ ಹೆಜ್ಜೆ ಎತ್ತಿಡಲು ಆಗುತ್ತಿರಲಿಲ್ಲ. ರಸ್ತೆಬದಿಯ ಬೇವಿನ ನೆರಳಲ್ಲಿ ಆಟೋಗಳ ಸಾಲು. ಆ ಸಾಲಿನಲ್ಲೇ, ಅದೂ ಒಂದು ಆಟೋ ಎಂಬಂತೆ, ಒಂದು ಸಣ್ಣ ಮನೆಗಾಡಿ. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಹೆಂಗಸು ನನ್ನ ಮುಖ ನೋಡಿದ ಕೂಡಲೇ ಎದ್ದು ನಿಂತಳು.

"ಒಳಗ ಹೋಗ್ರಿ. ಆಮ್ಯಾಲೆ ಮಾತಾಡೋಣು."

ನಾನು ನಿಂತೆ. ಇಂಥ ಕಡೆ ಮೊದಲೇ ಹೇಳಿಬಿಡುವುದು ನನ್ನ ರೂಢಿ. ಆಮೇಲೆ ಅವರ ಮುಖ ಬದಲಾಗುವುದನ್ನು ನೋಡುವುದು ಬೇಡ. "ನಾವು ಕೇರಿಯವ್ರು ಅದೀವ್ರಿ" ಅಂದೆ.

"ಮೂವತ್ನಾಲ್ಕು ವರ್ಷ ನರ್ಸ್ ಆಗಿದ್ದಾಕಿ ನಾನು. ಆ ಮಾರಿ ಯಾವ ನೋವಿಂದು ಅಂತ ಗೊತ್ತು. ನೀರು ಬಿಡಾಕ ಒತ್ತೋ ಗುಂಡಿ ಎಡಗಡಿ ಐತಿ, ಹೋಗ್ರಿ."

ಹೆಸರು ನೀಲಗಂಗಮ್ಮ. ದಾವಣಗೆರೆಯವರು, ನಿವೃತ್ತರು. ಮಂಡಿ ನೋವಿನ ಗಂಡನನ್ನು ಕೂಡಿಸಿಕೊಂಡು ತಾನೇ ಗಾಡಿ ಓಡಿಸುತ್ತ ದೇಶ ತಿರುಗುತ್ತಿದ್ದಾಳೆ. ನಾನು ಹೊರಗೆ ಬಂದಾಗ ಒಂದು ಚೊಂಬು ನೀರು ಕೈಗೆ ಕೊಟ್ಟು, ಕುಡಿಯುವವರೆಗೆ ಎದುರಿಗೇ ನಿಂತಳು. ನಮ್ಮ ಬಸ್ಸನ್ನು ತೋರಿಸಿದೆ. ನಕ್ಕಳು.

"ನಮ್ದೂ ಮೊದಲು ದೊಡ್ಡದ ಇತ್ತು. ಎರಡು ವರ್ಷ ಪೆಟ್ರೋಲ್ ಬಂಕು ನೋಡಿದ್ವಿ, ಹೆದ್ದಾರಿ ಡಾಬಾ ನೋಡಿದ್ವಿ. ಊರು ಒಂದೂ ನೋಡ್ಲಿಲ್ಲ. ಗಾಡಿ ಆರಿಸುವಾಗ ಎಲ್ಲಾರೂ ಒಳಗ ನಿಂತು ನೋಡ್ತಾರ, ಇಲ್ಲಿ ಮಂಚ, ಇಲ್ಲಿ ಒಲಿ ಅಂತ. ಹೊರಗ ನಿಂತು ನೋಡಬೇಕ್ರಿ. ಸಂಜಿಗೆ ಇದು ಯಾರ ಬಾಗಿಲಾಗ ನಿಲ್ತೈತಿ, ಅಷ್ಟ."

ಬರುವಾಗ ಪಂಪೇಶನಿಗೆ ಅವರೆಕಾಳು ಕಟ್ಟಿಕೊಟ್ಟಳು. ಅಪರಿಚಿತರ ಬಾಗಿಲಲ್ಲಿ ಅಷ್ಟು ಹೊತ್ತು ನಾನು ಎಂದೂ ಕೂತಿಲ್ಲ. ಆಯಮ್ಮ ಚೆನ್ನಾಗಿರಲಿ.

ನೀರು: ಏಳು.

೧೬ ಜನವರಿ

ಆದರೂ ಬಸ್ಸೇ. ಆಯಮ್ಮನದು ಪ್ರವಾಸ, ನಮ್ಮದು ಹೋರಾಟ. ಎರಡೂ ಒಂದೇ ಅಲ್ಲ.

ಕಲ್ಲುಹಳ್ಳಕ್ಕೆ ಹೋಗಿ ಕೇಳಬೇಕು. ಭೀಮವ್ವ ಹೂಂ ಅಂದರೆ ಮುಗಿಯಿತು.

೧೯ ಜನವರಿ, ಭಾನುವಾರ. ಕಲ್ಲುಹಳ್ಳ

ಚೋರನೂರಿನಿಂದ ಆಚೆ, ಬಸ್ಸು ದಿನಕ್ಕೆ ಎರಡೇ ಸಲ ಬರುವ ಊರು ಕಲ್ಲುಹಳ್ಳ. ಭೀಮವ್ವನ ಊರು. ಎಪ್ಪತ್ತೆರಡು ವರ್ಷ. ನನಗೆ ಮೊದಲು ಘೋಷಣೆ ಕೂಗಲು ಕಲಿಸಿದವಳು, ಈಗಲೂ ನನ್ನನ್ನು "ಲೇ ಹುಡುಗಿ" ಅನ್ನುವವಳು ಇವಳೊಬ್ಬಳೇ.

ಬಸ್ಸಿನ ಸಂಗತಿ ಹೇಳಿದೆ. ಪಂಪೇಶ್ ಸುಮ್ಮನೆ ಕೇಳಿಸಿಕೊಂಡು, "ಆಯೀ, ಒಂದು ಹಗ್ಗ ಕೊಡ್ರಿ, ಉದ್ದಂದು" ಅಂದ. ಮೇಕೆ ಕಟ್ಟುವ ಹಗ್ಗಗಳನ್ನೆಲ್ಲ ಗಂಟು ಹಾಕಿದ. ಮೂವತ್ತೆರಡು ಅಡಿ ಉದ್ದ, ಎಂಟು ಅಡಿ ಅಗಲ. ನಾಲ್ಕು ಮೂಲೆಗೆ ನಾಲ್ಕು ಹೆಂಗಸರನ್ನು ನಿಲ್ಲಿಸಿ ಹಗ್ಗ ಹಿಡಿಸಿದ. ಮುಂದಿನ ಬಲಮೂಲೆಯವಳ ಪಕ್ಕದಲ್ಲಿ ತಾನು ನಿಂತ, ಕೇರಿಯ ತಿರುವಿನ ಮನೆಯ ಸುಂಕಮ್ಮ ಕೊಟ್ಟ ಊಟದ ತಟ್ಟೆಯೇ ಸ್ಟೇರಿಂಗು.

"ಹತ್ರಿ ಎಲ್ಲಾರೂ" ಅಂದ.

ಕೇರಿಯ ಮುದುಕಿಯರು, ಸೊಸೆಯರು, ಮಕ್ಕಳು ಹಗ್ಗದೊಳಗೆ ಹೊಕ್ಕರು. ಹಿಂದಿನಿಂದ ಯಾರೋ "ರೈಟ್, ರೈಟ್" ಅಂದಳು. "ಸಂಡೂರಿಗೆ ಎಷ್ಟು ತಗೊಂತೀಯಲೇ ಕಂಡಕ್ಟರ್?" ಅಂದಳು ಇನ್ನೊಬ್ಬಳು. "ನಿಂಗ ಫ್ರೀ ಐತಿ ಬಿಡವ್ವ, ಮುಂದ ಸರಿ." ನಾನೂ ಹಗ್ಗದೊಳಗಿದ್ದೆ. ನಗುತ್ತಿದ್ದೆ, ನೋವು ಮರೆತಿತ್ತು.

ಬಸ್ಸು ದೊಡ್ಡರಸ್ತೆಯಿಂದ ಹೊರಟು, ಗುಡಿಯ ಓಣಿ ದಾಟಿ, ಕೇರಿಯ ತಿರುವಿಗೆ ಬಂತು. ಒಂದು ಕಡೆ ಕಾಳಪ್ಪನ ಕಟ್ಟೆ, ಇನ್ನೊಂದು ಕಡೆ ಸುಂಕಮ್ಮನ ಅಡಿಗೆಮನೆಯ ಗೋಡೆ. ಮುಂದಿನವರು ತಿರುಗಿದರು. ನಡುವಿನವರು ಗೋಡೆಗೆ ಒತ್ತಿದರು. ಹಿಂದಿನವರು ಹಗ್ಗವನ್ನು ಸಡಿಲ ಬಿಟ್ಟು, ಒಳಕ್ಕೆ ಬಾಗಿಸಿ, ಮೈ ಕುಗ್ಗಿಸಿಕೊಂಡು ಹೇಗೋ ನುಸುಳಿದರು. ದಾಟಿತು ಅಂತ ಕೂಗಿದರು.

ಪಂಪೇಶ್ ತಟ್ಟೆ ಎತ್ತಿ ಹಿಡಿದು ನಿಂತುಬಿಟ್ಟ. "ದಾಟ್ಲಿಲ್ರಿ. ಬಸ್ಸು ಬಗ್ಗಂಗಿಲ್ಲ. ಹಗ್ಗ ಬಿಗಿ ಹಿಡ್ಕೊಂಡು ಬರ್ರಿ."

ಮತ್ತೆ ಹಿಂದೆ ಹೋದರು. ಮತ್ತೆ ಬಂದರು. ಮತ್ತೆ ಹಗ್ಗ ಬಾಗಿತು. ಯಾರೂ ಬೇಕೆಂದು ಬಾಗಿಸಲಿಲ್ಲ. ಗೋಡೆ ಎದುರಾದರೆ ಇವರ ಮೈ ತಾನಾಗಿ ಕುಗ್ಗುತ್ತದೆ, ಹುಟ್ಟಿದಾಗಿನಿಂದ ಅದೇ ಪಾಠ. ಮೂರನೇ ಸಲ ಬಿಗಿಯಾಗಿ ಹಿಡಿದರು. ಬಸ್ಸು ತಿರುವಿನಲ್ಲಿ ಸಿಕ್ಕಿಕೊಂಡಿತು.

ಸುಂಕಮ್ಮ ಒಂದು ಕ್ಷಣ ಗೋಡೆ ನೋಡಿದಳು. "ಒಡೀರಿ ಅತ್ಲಾಗ. ಮಣ್ಣಿನ ಗೋಡಿ, ಮತ್ತ ಕಟ್ಕೊಂತೀನಿ. ಸಂಘದ ಗಾಡಿ ಬರ್ಲಿ."

ಇದನ್ನು ಬರೆಯಲೇಬೇಕು, ಬರೆಯದಿದ್ದರೆ ಮರೆತಂತೆ ನಟಿಸುತ್ತೇನೆ: ಒಂದು ಉಸಿರಿನಷ್ಟು ಹೊತ್ತು ನನಗೆ, ಹೌದು, ಒಡೆಯಲಿ ಅನ್ನಿಸಿತು. ಮನೆಯ ಹಕ್ಕಿಗಾಗಿ ಮೂವತ್ತು ವರ್ಷ ಕೂಗಿದ ನನಗೆ.

ಗುಡಿ ಓಣಿಯ ಹೊನ್ನೂರಪ್ಪ ಅಷ್ಟು ಹೊತ್ತೂ ನೋಡುತ್ತಿದ್ದ. ಕೆಟ್ಟವನಂತೆ ಮಾತಾಡಲಿಲ್ಲ. "ಯಾಕ ಒದ್ದಾಡ್ತೀರಿ? ನಮ್ಮ ಓಣ್ಯಾಗ ಜಾಗ ಐತಲ್ಲ, ಅಲ್ಲೇ ನಿಲ್ಸ್ರಿ. ಕೇರಿಯವ್ರು ಬಂದು ಹೋಗ್ಲಿ. ಒಂದೀಟು ದೂರ ನಿಲ್ಸಿ, ನೀರು ಗೀರು ಚೆಲ್ಲಬ್ಯಾಡ್ರಿ ಮತ್ತ, ಅಷ್ಟ."

ಹಗ್ಗದ ಬಸ್ಸಿನ ನಟ್ಟನಡುವೆ ಭೀಮವ್ವ ನಿಂತಿದ್ದಳು. "ಲೇ ಹುಡುಗಿ" ಅಂದಳು ನನಗೆ. "ಆ ಓಣ್ಯಾಗ ಚಪ್ಪಲಿ ಕೈಯಾಗ ಹಿಡ್ಕೊಂಡು ನಡದಾಕಿ ನಾನು. ಈಗ ಎಲ್ಲಾರ ಮುಂದ ಸೆರಗು ಮುಚ್ಕೊಂಡು, ಪಾಯಿಖಾನಿಗೆ ಹೊಂಟೀನಿ ಅಂತ ಅದ ಓಣ್ಯಾಗ ಹೋಗ್ಲೇನು? ನನ್ನ ಬಾಗಿಲಿಗೆ ಬರ್ಲಾರದ ಗಾಡಿ ನನ್ನ ಗಾಡಿ ಹೆಂಗಾತು?"

ಪಂಪೇಶ್ ಹಗ್ಗದ ಗಂಟು ಬಿಚ್ಚಿ ಅಳತೆ ಬದಲಿಸಿದ. ಹದಿನೆಂಟು ಅಡಿ, ಆರೂವರೆ ಅಡಿ. ಅದೇ ಹೆಂಗಸರು, ಹಗ್ಗ ಬಿಗಿ. ತಿರುವು ದಾಟಿ, ನಾಲ್ಕು ಮನೆ ದಾಟಿ, ಭೀಮವ್ವನ ಹೊಸ್ತಿಲ ಮುಂದೆ ನಿಂತಿತು. ತಿರುಗಿಸಿಕೊಂಡು ಹೋಗಲೂ ಜಾಗ ಉಳಿಯಿತು.

ಇಪ್ಪತ್ತೊಂಬತ್ತು ತಲೆ ಎಣಿಸಿದ್ದೆವು. ಹದಿನೆಂಟು ದಿನವೂ ತಿರುಗುವವರು ನಾವು ಐದೇ ಜನ, ಡ್ರೈವರು ಹೊರಗಿನ ಮಂಚದಲ್ಲಿ ಮಲಗುವವನು. ಉಳಿದವರು ಅವರವರ ಊರಲ್ಲಿ ಬಂದು ಸೇರುವವರು, ಸಂಜೆಗೆ ಮನೆಗೆ ಹೋಗುವವರು. ಗಾಡಿ ಅಂದರೆ ರ‍್ಯಾಲಿಯ ಲಾರಿ ಅಂತಲೇ ನಮ್ಮ ತಲೆಯಲ್ಲಿ ಕೂತಿದೆ.

ನೀರು: ಒಂದೂವರೆ. ಪಕ್ಕೆ ಸುಡುತ್ತಿದೆ.

೨೩ ಜನವರಿ, ಗುರುವಾರ. ಆಸ್ಪತ್ರೆ, ಹೊಸಪೇಟೆ

ಇಪ್ಪತ್ತರ ಬೆಳಿಗ್ಗೆ ಸಂಘದ ಕಚೇರಿಯ ಮೆಟ್ಟಿಲ ಮೇಲೇ ಬಿದ್ದೆನಂತೆ. ಜ್ವರ, ಚಳಿ. ಪಂಪೇಶ್ ಎತ್ತಿಕೊಂಡು ಬಂದ. ಕಲ್ಲು ತೆಗೆದಿದ್ದಾರೆ. ಕಿಡ್ನಿ ಉಳಿದಿದೆ.

ಈಗ ಎಲ್ಲರಿಗೂ ಗೊತ್ತು. ದುರುಗಣ್ಣ ಬಂದು ಮಂಚದ ಪಕ್ಕ ಕೂತು ಬೈದ. "ಮೂವತ್ತು ವರ್ಷ ಜೊತಿಗೆ ತಿರುಗೀವಿ. ನಾವು ಗಂಡಸರು ಗಿಡದ ಮರಿಗೆ ನಿಂತು ಬರ್ತಿದ್ವಿ, ನೀವು ಏನು ಮಾಡ್ತೀರಿ ಅಂತ ಒಂದು ದಿನ ಕೇಳ್ಲಿಲ್ಲ ನೋಡು. ನೀನಾದ್ರೂ ಹೇಳಬೇಕಿತ್ತು." ಆಮೇಲೆ ಕನ್ನಡಕ ಒರೆಸಿದ. ಕನ್ನಡಕ ಸ್ವಚ್ಛವಾಗಿಯೇ ಇತ್ತು.

ಇವತ್ತು ಶೈಲಶ್ರೀ ಬಂದಳು. ರಾಗಿ ಗಂಜಿ ತಂದಿದ್ದಳು. ಏನು ಮಾತಾಡುವುದು ತಿಳಿಯಲಿಲ್ಲ, ಅವಳ ಮಿಲ್ಲಿನ ಮಾತೇ ತೆಗೆದೆ. ಆ ಮುಷ್ಕರದಲ್ಲಿ ಹನ್ನೊಂದು ಬೇಡಿಕೆ ಇಟ್ಟಿದ್ದೆವು. ಕೂಲಿ, ರಜೆ, ಹೆರಿಗೆ. ಹತ್ತನ್ನೂ ಧಣಿ ತಳ್ಳಿಹಾಕಿದ. ಮಾತುಕತೆಯಲ್ಲಿ ಬಿಟ್ಟುಕೊಡಲಿಕ್ಕೆ ಅಂತ ಕೊನೆಯಲ್ಲಿ ಒಂದು ಸೇರಿಸುತ್ತೇವಲ್ಲ, ಹೆಂಗಸರಿಗೆ ಪಾಯಿಖಾನೆ ಅಂತ, ಅದೊಂದನ್ನು ಕೊಟ್ಟ. ಮುಷ್ಕರ ಸೋತಿತು ಅಂತ ವರದಿಯಲ್ಲಿ ನಾನೇ ಬರೆದೆ.

"ಸೋತ್ವಿ ಅಂತ ಬರದ್ರೇನು?" ಅವಳಿಗೆ ಆಶ್ಚರ್ಯ. "ಅಪ್ಪ ನಿಮ್ಮನ್ನ ಭಾಳ ದಿನ ಬೈದ. ಅವ್ವ ಮಾತ್ರ ಬೈಲಿಲ್ರಿ. ಬೆಳಿಗ್ಗಿಂದ ಸಂಜಿತನ ಮಿಲ್ಲಿನ ಕಚೇರ್ಯಾಗ ಕುಂದ್ರಾಕಿ ಅಕಿನ. ಅಕಿಗೂ ಹೋಗಾಕ ಎಲ್ಲೂ ಇರ್ಲಿಲ್ಲ, ಧಣಿ ಹೆಂಡತಿ ಹೆಂಗ ಕೇಳ್ತಾಳ? ಕಟ್ಟಿ ಮುಗದ ದಿನ ಎಲ್ಲಾರಿಗಿಂತ ಮೊದಲು ಹೋದಾಕಿ ನಮ್ಮವ್ವ. ಈಗೂ ಹೇಳ್ತಾಳ್ರಿ, ಆ ಗೇಟಿನ ಮುಂದ ಕುಂತಿದ್ದ ಹೆಣ್ಣುಮಗಳು ಚಂದಾಗಿರ್ಲಿ ಅಂತ."

ಮಹಡಿಯ ಮೇಲಿದ್ದವರೆಲ್ಲ ಎದುರು ಪಕ್ಷ ಅಂತಲೇ ನಾನು ತಿಳಿದಿದ್ದೆ. ಇಪ್ಪತ್ತಾರು ವರ್ಷ ಒಬ್ಬಳು ನನ್ನನ್ನು ಹರಸುತ್ತಿದ್ದಳು, ನನಗೆ ತಿಳಿಯದೆ. ಗಂಜಿ ಪೂರ್ತಿ ಕುಡಿದೆ. ಅವಳ ಕೈ ಹಿಡಿದುಕೊಂಡೆ. ಬಾಡಿ ಕಟ್ಟಿ ಕಟ್ಟಿ ಗಡುಸಾದ ಕೈ, ನಮ್ಮವರ ಕೈಯ ಹಾಗೇ ಇತ್ತು.

ನೀರು: ಹನ್ನೊಂದು. ನರ್ಸು ಬಿಡುವುದಿಲ್ಲ.

೨೬ ಜನವರಿ, ಭಾನುವಾರ

ಬಾವುಟ ಏರಿಸಿ, ಸಂವಿಧಾನದ ಪೀಠಿಕೆ ಓದಿ, ಸಭೆ ಶುರು ಮಾಡಿದೆವು. ನಾನು ಗೋಡೆಗೆ ಒರಗಿ ಕೂತೇ ಮಾತಾಡಿದೆ. ಬಸ್ಸು ಬೇಕು ಅಂದದ್ದು ನನ್ನ ತಪ್ಪು, ವ್ಯಾನು ಸಾಕು ಅಂದೆ. ಇಷ್ಟೇ. ಚಪ್ಪಾಳೆ ಬೀಳಲಿಲ್ಲ, ಕೈಗಳು ಎದ್ದವು. ದುರುಗಣ್ಣ ಕೊನೆಯಲ್ಲಿ ಎತ್ತಿದ. "ಬೆಂಕಿಪೊಟ್ಟಣದಾಗ ಜಾಥಾ ಹೊಂಟಾರ ನೋಡ್ರಪ್ಪ" ಅಂತ ಗೊಣಗಿಕೊಂಡೇ.

ಇನ್ನೊಂದು ಪ್ರಶ್ನೆ ಇತ್ತು, ನಾನೇ ಎತ್ತಿದೆ. ಪಾಯಿಖಾನೆಯ ಟ್ಯಾಂಕು ತುಂಬಿದಾಗ ಖಾಲಿ ಮಾಡುವವರು ಯಾರು? ನಮ್ಮಜ್ಜ ತಲೆಯ ಮೇಲೆ ಹೊತ್ತದ್ದನ್ನು ನಮ್ಮ ಗಾಡಿಯಲ್ಲಿ ಮತ್ತೆ ಯಾರ ಕೈಗೂ ಕೊಡುವುದಿಲ್ಲ. ಶೈಲಶ್ರೀ ಎದ್ದು ನಿಂತು ವಿವರಿಸಿದಳು: ಮುಚ್ಚಿದ ಟ್ಯಾಂಕು, ದಪ್ಪ ಪೈಪು, ಒಳಚರಂಡಿಯ ಬಾಯಿಗೆ ಅಥವಾ ಇಂಗುಗುಂಡಿಗೆ ಹಚ್ಚಿ ಹಿಡಿಕೆ ತಿರುಗಿಸಿದರೆ ಆಯಿತು, ಕೈ ತಾಗುವುದಿಲ್ಲ. ಹಾಗಿದ್ದರೂ ಸರದಿ ಇರಲಿ ಅಂದೆ. ಹಿಡಿಕೆ ಮೊದಲು ತಿರುಗಿಸುವವರು ಅಧ್ಯಕ್ಷರು.

ಎಲ್ಲರೂ ದುರುಗಣ್ಣನ ಕಡೆ ತಿರುಗಿದರು. "ಹೂನವ್ವ, ತಿರುವ್ತೀನಿ. ಅದಕ್ಕೂ ಒಂದು ಶಾಲು ಹಾರ ಹಾಕ್ರಿ ಮತ್ತ" ಅಂದ.

೧೦ ಫೆಬ್ರವರಿ, ಸೋಮವಾರ

ಗಾಡಿ ಸಿದ್ಧ. ಹಾಲಿನ ವಾಸನೆ ಇನ್ನೂ ಸ್ವಲ್ಪ ಇದೆ. ನಾಲ್ಕು ಹಾಸಿಗೆ, ಮಡಚುವ ಒಂದು ಹಲಗೆ, ಒಂದೇ ಒಲೆ. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಮೆಟ್ಟಿಲು ಎತ್ತರ ಅನ್ನಿಸಿ ಶೈಲಶ್ರೀ ಕಲ್ಲುಹಳ್ಳಕ್ಕೆ ಫೋನು ಮಾಡಿ, ಭೀಮವ್ವನ ಮಂಡಿ ಎಷ್ಟು ಮಡಚುತ್ತದೆ ಅಂತ ಕೇಳಿ, ಇನ್ನೊಂದು ಮೆಟ್ಟಿಲು ಕೂಡಿಸಿದ್ದಾಳೆ. ನಾವು ಕೇಳಿರಲಿಲ್ಲ. ಪಾಯಿಖಾನೆಯಲ್ಲಿ ಹಿಡಿದು ಏಳಲು ಒಂದು ಸರಳು. ಅದನ್ನೂ ಕೇಳಿರಲಿಲ್ಲ.

ಥ್ಯಾಂಕ್ಸ್ ಅಂದೆ. ಆ ಮಾತು ನನ್ನ ಬಾಯಲ್ಲಿ ಅಷ್ಟು ಸುಲಭವಾಗಿ ಬರುತ್ತದೆ ಅಂತ ಗೊತ್ತಿರಲಿಲ್ಲ.

೧೫ ಫೆಬ್ರವರಿ, ಶನಿವಾರ. ಕಂಪ್ಲಿ

ನಿನ್ನೆ ಜಾಥಾದ ಮೊದಲ ದಿನ. ಕಬ್ಬಿನ ಗಾಡಿಗಳು, ಭತ್ತದ ಲಾರಿಗಳು, ಅದರ ನಡುವೆ ನಮ್ಮ ಗಾಡಿ ಒಂದು ಎಮ್ಮೆಯಷ್ಟು ಜಾಗದಲ್ಲಿ ನಿಂತಿತು. ಕಾಲುವೆಯ ಪಕ್ಕದ ಗುಡಿಸಲುಗಳ ಎದುರಿಗೇ ಸಭೆ. ಒಂದು ಗಂಟೆ ಮಾತಾಡಿದೆ. ನಡುವೆ ಎರಡು ಸಲ ನಿಲ್ಲಿಸಿ ನೀರು ಕುಡಿದೆ. ಎಷ್ಟು ಲೋಟ, ಎಣಿಸಿಲ್ಲ.

ರಾತ್ರಿ ಐದು ಜನ ಹೆಂಗಸರು ಇಕ್ಕಟ್ಟಾಗಿ ಮಲಗಿದೆವು. ಬಾಗಿಲಿಗೆ ಒಳಗಿನಿಂದ ಚಿಲಕ. ಎದ್ದಾಗ ಹೊತ್ತು ಏರಿತ್ತು.

೧೬ ಫೆಬ್ರವರಿ, ಭಾನುವಾರ. ಕಲ್ಲುಹಳ್ಳ

ಈ ಸಲ ಊರುಗಳ ಸಾಲು ಬದಲಿಸಿ ನಿನ್ನೆ ಸಂಜೆಯೇ ಇಲ್ಲಿಗೆ ಬಂದೆವು. ಗಾಡಿ ತಿರುವು ದಾಟಿತು. ಸುಂಕಮ್ಮನ ಗೋಡೆಗೂ ಕನ್ನಡಿಗೂ ನಡುವೆ ಒಂದು ಗೇಣು. ಪಂಪೇಶ್ ಭೀಮವ್ವನ ಹೊಸ್ತಿಲ ಮುಂದೆ ನಿಲ್ಲಿಸಿ, ಹಾರನ್ನು ಒಂದೇ ಸಲ ಬಾರಿಸಿದ.

ಸಭೆ ಇವತ್ತು ಬೆಳಿಗ್ಗೆ ಹತ್ತಕ್ಕೆ ಅಂತ ಸಾರಿದ್ದೆವು. ಒಂಬತ್ತಕ್ಕೇ ಹೆಂಗಸರು ಬಂದರು. ಸಭೆಯ ಕಡೆ ಹೋಗಲಿಲ್ಲ, ಗಾಡಿಯ ಬಾಗಿಲಿಗೆ ಸಾಲು ನಿಂತರು. ಮೊದಲು ಭೀಮವ್ವ. ಆಮೇಲೆ ಒಬ್ಬ ಬಸುರಿ, ಹೊಲಕ್ಕೆ ನಡೆಯಲಾಗದ ಇಬ್ಬರು ಮುದುಕಿಯರು, ಹೈಸ್ಕೂಲಿನ ಮೂರು ಹುಡುಗಿಯರು. ಒಬ್ಬೊಬ್ಬರಾಗಿ ಹತ್ತಿದರು, ಚಿಲಕ ಹಾಕಿದ ಸದ್ದು ಕೇಳಿಸಿತು, ಒಬ್ಬೊಬ್ಬರಾಗಿ ಇಳಿದರು. ಯಾರೂ ಅವಸರ ಮಾಡಲಿಲ್ಲ. ಹೊರಗೆ ದುರುಗಣ್ಣ ಕೊಡದಿಂದ ಟ್ಯಾಂಕಿಗೆ ನೀರು ಹೊಯ್ಯುತ್ತಿದ್ದ. ಹನ್ನೊಂದಾಯಿತು. ನಾನು ಗಡಿಯಾರ ನೋಡಿದೆ, ಒಬ್ಬರನ್ನೂ ಕರೆಯಲಿಲ್ಲ.

ಸಭೆ ಕೂಡಿದ ಮೇಲೆ ಹಕ್ಕುಪತ್ರದ ಮಾತು ತೆಗೆದೆ. ನಾಲ್ಕು ಮಾತಾಡಿರಬಹುದು, ಭೀಮವ್ವ ಕೈ ಎತ್ತಿದಳು.

"ಲೇ ಹುಡುಗಿ, ಕುಂದ್ರು ಒಂದೀಟು. ನೀ ನಾಳೆ ಎಲ್ಲಿಗೆ?"

"ಮುಂದಿನ ಊರಿಗೆ, ಆಯೀ."

"ಗಾಡಿ?"

"ಅದೂ ಬರ್ತೈತಿ."

"ನಾಳಿ ಮುಂಜಾನೆ ಈ ಬಸುರಿ ಎಲ್ಲಿಗೆ ಹೋಗ್ಲಿ?"

ಕುಂದ್ರು ಅಂದಿದ್ದಳಲ್ಲ, ಕೂತೆ. ನನಗೆ ಏನಾಗಿತ್ತು, ಆಸ್ಪತ್ರೆಯಲ್ಲಿ ಏನು ತೆಗೆದರು, ಕೂತಲ್ಲಿಂದಲೇ ಎಲ್ಲಾ ಹೇಳಿದೆ. ಸುಂಕಮ್ಮ ತನ್ನದು ಹೇಳಿದಳು. ಆ ಬಸುರಿ ಹೇಳಿದಳು, ಸಂಜೆ ಐದರ ಮೇಲೆ ಏನೂ ಕುಡಿಯುವುದಿಲ್ಲವಂತೆ. ಹೈಸ್ಕೂಲಿನ ಹುಡುಗಿಯೊಬ್ಬಳು, ತಿಂಗಳಲ್ಲಿ ನಾಲ್ಕು ದಿನ ಶಾಲೆಗೇ ಹೋಗುವುದಿಲ್ಲ ಅಂದಳು. ಅಲ್ಲಿದ್ದ ಗಂಡಸರು ತಲೆ ತಗ್ಗಿಸಿ ಕೇಳಿದರು, ಎದ್ದು ಹೋಗಲಿಲ್ಲ.

ಆಮೇಲೆ ನನ್ನನ್ನು ಕೇಳದೆ ಅವರೇ ತೀರ್ಮಾನಿಸಿದರು. ಅರ್ಜಿ ಆ ಹುಡುಗಿಯೇ ಬರೆದಳು, ನನ್ನ ನೋಟುಬುಕ್ಕಿನಿಂದ ಎರಡು ಹಾಳೆ ಹರಿದುಕೊಂಡು. ಒಂದೇ ಬೇಡಿಕೆ: ಕೇರಿಯಲ್ಲೇ, ಕೇರಿಯವರು ತೋರಿಸಿದ ಜಾಗದಲ್ಲಿ, ಬಾಗಿಲಿರುವ, ನೀರಿರುವ ಆರು ಪಾಯಿಖಾನೆ. ಹಕ್ಕುಪತ್ರ ಯಾಕೆ ಬರೆಯಲಿಲ್ಲ ಅಂತ ಕೇಳಿದೆ. "ಅದು ನಿಮ್ಮ ಅರ್ಜ್ಯಾಗ ಐತಲ್ರಿ. ಇದು ನಮ್ಮದು" ಅಂದಳು.

ನಲವತ್ತಮೂರು ಸಹಿ, ಹೆಬ್ಬೆಟ್ಟು ಸೇರಿ. ನಲವತ್ತನಾಲ್ಕನೆಯದು ನನಗೂ ಹಾಕಲು ಬಿಟ್ಟರು. ಮುಂದಿನ ಸಭೆಯಲ್ಲಿ ನನ್ನ ಭಾಷಣಕ್ಕೆ ಐದು ನಿಮಿಷ ಅಂತ ಭೀಮವ್ವ ಹೇಳಿದ್ದಾಳೆ. ಸಾಕು. ಈ ಹೆಂಗಸರ ನಡುವೆ ಹುಟ್ಟಿದ್ದಕ್ಕೆ, ಇವರ ಮಾತು ಕೇಳುವಷ್ಟು ದಿನ ಈ ಮೈ ಉಳಿದದ್ದಕ್ಕೆ, ನನಗೆ ಇವತ್ತು ಬೇರೇನೂ ಬೇಕಿಲ್ಲ.

ಹುಡುಗಿ ಸಾರಿ ಹೇಳಿದ್ದನ್ನು ಹಾಗೇ ಬರೆದುಕೊಳ್ಳುತ್ತಿದ್ದೇನೆ: ಗುರುವಾರ, ಫೆಬ್ರವರಿ ಇಪ್ಪತ್ತು, ಬೆಳಿಗ್ಗೆ ಹತ್ತೂವರೆ, ಅರ್ಜಿ ಕೊಡಲು ಕಲ್ಲುಹಳ್ಳದ ಪಂಚಾಯಿತಿ ಕಟ್ಟೆಯ ಮುಂದೆ. ಎಲ್ಲರೂ ನೀರು ಕುಡಿದೇ ಬರಬೇಕು.